ಅರವತ್ತಮೂರನೆಯ ರೈಫಲ್

ಸ್ಟುಡಿಯೋದಲ್ಲಿ ಅವಳನ್ನು ಎಲ್ಲರೂ ಕರೆಯುವುದು ಕೊಕ್ಕೆ ಎಂದು. ಎದುರಿಗೇ ಕರೆಯುತ್ತಾರೆ, ಅವಳೂ ಓಗೊಡುತ್ತಾಳೆ. ಯುದ್ಧದ ಸಿನಿಮಾಗಳಲ್ಲಿ ಯಾವ ಸಿಪಾಯಿಯ ಕೈಯಲ್ಲಿ ಯಾವ ರೈಫಲ್ ಇರಬೇಕು, ಯಾವುದು ಇರಬಾರದು ಎಂದು ನೋಡುವುದು ಅವಳ ಕೆಲಸ. ಇನ್ನೂ ಹುಟ್ಟಿಯೇ ಇರದ ಬಂದೂಕು ಹಿಡಿದು ಯಾರಾದರೂ ಕಾಳಗಕ್ಕೆ ಹೊರಟರೆ ಅಲ್ಲೇ ಕೊಕ್ಕೆ ಹಾಕಿ ನಿಲ್ಲಿಸುತ್ತಾಳೆ. ನಿರ್ದೇಶಕರು ಎಷ್ಟೇ ತಲೆ ಚಚ್ಚಿಕೊಂಡರೂ ಆಯುಧಗಳ ಹಾಳೆಯ ಮೇಲೆ ಅವಳ ಸಹಿ ಬೀಳದೆ ಉಗ್ರಾಣದಿಂದ ಒಂದು ತಿರುಪುಮೊಳೆಯೂ ಹೊರಗೆ ಹೋಗುವಂತಿಲ್ಲ.

ಆ ಮಂಗಳವಾರ ಬೆಳಗ್ಗೆ ಉಗ್ರಾಣದ ಗ್ರೀಸ್ ಮಾಮ ಅವಳನ್ನು ಸನ್ನೆ ಮಾಡಿ ಕರೆದ. ಅವನ ಉಗುರು ಸಂದಿಯ ಕಪ್ಪಿಗೆ ಮೂವತ್ತು ವರ್ಷ ವಯಸ್ಸು. ಹೆಂಡತಿ ಚಮಚ ಕೊಡದೆ ಅವನಿಗೆ ತಟ್ಟೆಯನ್ನೇ ಇಡುವುದಿಲ್ಲ ಎಂದು ಮೇಕಪ್ಪಿನವರು ನಗಾಡುವುದುಂಟು. ಮುಚ್ಚಿಹೋದ ಯಾವುದೋ ತರಬೇತಿ ಶಾಲೆಯಿಂದ ಹನ್ನೆರಡು ರೈಫಲ್‌ಗಳು ಬಂದಿದ್ದವು. ಎಲ್ಲವೂ ಉದ್ದಮೂಗು. ಸೈನ್ಯದ ಹಳೆಯ ರೈಫಲ್‌ಗಳಲ್ಲಿ ಉಗ್ರಾಣದವರಿಗೆ ಗೊತ್ತಿರುವುದು ಎರಡೇ ಜಾತಿ. ಮರ ತುದಿಯವರೆಗೂ ಬಂದು ನಳಿಗೆಯನ್ನು ಮುಚ್ಚಿದ್ದರೆ ಮೊಂಡುಮೂತಿ. ನಳಿಗೆ ನಾಲ್ಕು ಬೆರಳಿನಷ್ಟು ಹೊರಗೆ ಇಣುಕಿದರೆ ಉದ್ದಮೂಗು. ಮೊಂಡುಮೂತಿ ಮೊದಲಿನದು, ಉದ್ದಮೂಗು ಆಮೇಲಿನದು.

ಮಾಮ ಒಂದು ಉದ್ದಮೂಗಿನ ಕತ್ತಿನ ಗ್ರೀಸನ್ನು ಬಟ್ಟೆಯಿಂದ ಒರೆಸಿ ಅವಳತ್ತ ತಿರುಗಿಸಿದ. ಲೋಹದ ಮೇಲೆ ಒತ್ತಿದ ಸಂಖ್ಯೆ ಅರವತ್ತಮೂರು. ಕೆಳಗೆ ತಿಂಗಳು, ವರ್ಷ.

"ಕಾರ್ಖಾನೆ ಹೆತ್ತ ಅರವತ್ತಮೂರನೇ ಕೂಸು ಇದು," ಎಂದ. "ಹುಟ್ಟಿದ ತಿಂಗಳು ಓದ್ಕೊಳಮ್ಮ."

ಅವಳು ಓದಿಕೊಂಡಳು. ಭೂತಗನ್ನಡಿ ಹಿಡಿದು ಇನ್ನೊಮ್ಮೆ ಓದಿದಳು. ಎಣಿಕೆ ಮತ್ತೆ ಒಂದರಿಂದ ಶುರುವಾಗಿರಬಹುದಲ್ಲ ಎಂದು ಕೇಳಿದಳು. ಹಾಗೆ ಮತ್ತೆ ಶುರುವಾದಾಗಲೆಲ್ಲ ಮುಂದೆ ಒಂದು ಅಕ್ಷರ ಒತ್ತುತ್ತಾರೆ, ಇದರಲ್ಲಿ ಅಕ್ಷರವೇ ಇಲ್ಲ, ಆದ್ದರಿಂದ ಇದು ಮೊದಲ ಕಂತು ಎಂದ ಮಾಮ. ಇಷ್ಟನ್ನು ಅವಳಿಗೆ ಹೇಳಿಕೊಟ್ಟವನೂ ಅವನೇ.

ಸೇತುವೆಯ ಕಾಳಗ ನಡೆದದ್ದು ಆ ತಿಂಗಳಿಗಿಂತ ಹದಿನಾಲ್ಕು ತಿಂಗಳು ಹಿಂದೆ. ಸ್ಟುಡಿಯೋದ ಈಗಿನ ಸಿನಿಮಾ ಆ ಕಾಳಗದ್ದೇ. ಅದರ ಫೋಟೋ ಶಾಲೆಯ ಪುಸ್ತಕದಲ್ಲೂ ಇದೆ: ಮರಳು ಮೂಟೆಗಳ ಹಿಂದೆ ಏಳು ಸಿಪಾಯಿಗಳು, ಏಳು ರೈಫಲ್‌ಗಳು, ಏಳಕ್ಕೆ ಏಳೂ ಉದ್ದಮೂಗು. ಎಡದಿಂದ ಮೂರನೆಯವನು ಕೊಕ್ಕೆಯ ದೊಡ್ಡಪ್ಪ.

ಅಪ್ಪ ಹೋದ ಮೇಲೆ ಅವಳನ್ನು ಸಾಕಿದವನು ಆ ದೊಡ್ಡಪ್ಪ. ಆರು ವರ್ಷದವಳಿದ್ದಾಗ ಕುರ್ಚಿ ಹತ್ತಿ ಆ ಫೋಟೋ ನೋಡುತ್ತಲೇ ಅವಳಿಗೆ ಬಂದೂಕಿನ ಹುಚ್ಚು ಹಿಡಿದದ್ದು. ಕಾಲೇಜಿನಲ್ಲಿದ್ದಾಗ, ಇದೇ ಸ್ಟುಡಿಯೋದ ಹಳೆಯ ಸಿನಿಮಾವೊಂದರಲ್ಲಿ ಸೇತುವೆಯ ಸಿಪಾಯಿಗಳಿಗೆ ಮೊಂಡುಮೂತಿ ಕೊಟ್ಟದ್ದನ್ನು ಕಂಡು, ಫೋಟೋವನ್ನೇ ಸಾಕ್ಷಿಗೆ ಹಿಡಿದು, ಪತ್ರಿಕೆಗೆ ಎರಡು ಪುಟದ ಕಾಗದ ಬರೆದಿದ್ದಳು. ಓದಿದವರೆಲ್ಲ ಸ್ಟುಡಿಯೋವನ್ನು ಆಡಿಕೊಂಡು ನಕ್ಕರು. ನಾಚಿದ ಸ್ಟುಡಿಯೋ ಅವಳನ್ನೇ ಕರೆದು ಕೆಲಸ ಕೊಟ್ಟಿತು. ಆ ಸಿನಿಮಾಕ್ಕೆ ಮೊಂಡುಮೂತಿ ಆರಿಸಿ ಕೊಟ್ಟಿದ್ದವನು ಗ್ರೀಸ್ ಮಾಮ. ಹನ್ನೊಂದು ವರ್ಷದಲ್ಲಿ ಅವನು ಅದರ ಸುದ್ದಿಯನ್ನೇ ಎತ್ತಿರಲಿಲ್ಲ. ಈಗ ಅವನು ಬಟ್ಟೆ ಮಡಿಚುವ ನಿಧಾನ ನೋಡಿ, ಈ ಒಂದು ದಿನಕ್ಕಾಗಿಯೇ ಇಷ್ಟು ವರ್ಷ ಕಾದಿದ್ದನೇನೋ ಎಂದು ಅವಳಿಗೆ ಅನುಮಾನ ಬಂತು. ಅಥವಾ ಸಂಖ್ಯೆಯನ್ನು ಇವನೇ ಒತ್ತಿರಬಹುದೇ? ಮಾಮ ಆಚೆ ಹೋದಾಗ ಉಗುರಿನಿಂದ ಆ ಅಂಕಿಗಳನ್ನು ಕೆರೆದು ನೋಡಿದಳು. ಸಂಖ್ಯೆಯ ಅಂಚುಗಳೆಲ್ಲ ಸವೆದು ನುಣುಪಾಗಿದ್ದವು. ಹೊಸತಾಗಿ ಒತ್ತಿದ್ದರೆ ಬೆರಳಿಗೆ ತರಚುತ್ತಿತ್ತು.

ಹಾಗಾದರೆ ಫೋಟೋ ಸುಳ್ಳು. ಕಾಳಗ ಮುಗಿದು ಎಷ್ಟೋ ಕಾಲವಾದ ಮೇಲೆ ನಿಲ್ಲಿಸಿ ತೆಗೆದದ್ದು. ಫೋಟೋ ಸುಳ್ಳಾದರೆ ಅದರೊಳಗಿನ ಮನುಷ್ಯ?

ಇದು ಸುಮ್ಮನೆ ಮನಸ್ಸಿನಲ್ಲಿ ಇಟ್ಟುಕೊಂಡು ಕೊರಗುವ ಪ್ರಶ್ನೆಯಾಗಿರಲಿಲ್ಲ. ಸಿನಿಮಾದ ಮೊದಲ ಚೌಕಟ್ಟಿನಲ್ಲೇ "ಆ ದಿನ ಸೇತುವೆಯ ಮೇಲಿದ್ದವರು ಹೇಳಿದಂತೆ" ಎಂಬ ಸಾಲಿನ ಕೆಳಗೆ ದೊಡ್ಡಪ್ಪನ ಹೆಸರು ಬರಲಿತ್ತು. ನಾಯಕನ ಪಾತ್ರ ಬರೆದದ್ದೂ ಅವನ ಮೇಲೆಯೇ. ಶನಿವಾರ ಚಿತ್ರೀಕರಣ, ಶುಕ್ರವಾರದೊಳಗೆ ಅವಳು ಹಾಳೆಗೆ ಸಹಿ ಮಾಡಬೇಕು. ಉದ್ದಮೂಗಿಗೆ ಸಹಿ ಹಾಕಿದರೆ ಅವಳ ಕೆಲಸವೇ ಸುಳ್ಳು. ಮೊಂಡುಮೂತಿಗೆ ಹಾಕಿದರೆ, ಫೋಟೋದಲ್ಲಿರುವುದು ಬೇರೆ ಯಾಕೆ ಎಂದು ಕೇಳುವ ಮೊದಲ ಮನುಷ್ಯ ನೇರವಾಗಿ ದೊಡ್ಡಪ್ಪನ ಬಾಗಿಲಿಗೇ ಬರುತ್ತಾನೆ.

ಆ ಸಂಜೆ ಮನೆಗೆ ಹೋಗಿ, ಫೋಟೋ ಸ್ಕ್ಯಾನ್ ಮಾಡಬೇಕು, ಎರಡು ದಿನ ಕೊಡಿ ಎಂದಳು. ದೊಡ್ಡಪ್ಪ ಕಿಟಕಿಯ ಹತ್ತಿರ ಕಾಲಿನ ಉಗುರು ಕತ್ತರಿಸುತ್ತ ಕೂತಿದ್ದ. ತಲೆ ಎತ್ತದೆ ಹೂಂ ಎಂದ. ದೊಡ್ಡಮ್ಮ ಫೋಟೋ ಇಳಿಸಿ, ಸೆರಗಿನಿಂದ ಧೂಳು ಒರೆಸಿ ಕೊಟ್ಟಳು.

"ಬೇಕಾದಷ್ಟು ದಿನ ಇಟ್ಕೊ. ಇವರಂತೂ ಅದರ ಕಡೆ ನೋಡೋದೇ ಇಲ್ಲ. ಬಂದವರಿಗೆ ತೋರಿಸೋದು, ಒರೆಸೋದು ಎಲ್ಲ ನನ್ನ ಪಾಲಿಗೆ."

ಕೊಕ್ಕೆಗೆ ಆಗ ಹೊಳೆದದ್ದು: ದೊಡ್ಡಪ್ಪ ಊಟಕ್ಕೆ ಕೂರುವುದೂ, ಪೇಪರು ಓದುವುದೂ ಆ ಗೋಡೆಗೆ ಬೆನ್ನು ಹಾಕಿಯೇ. ಸೇತುವೆಯ ಬಗ್ಗೆ ಅವನು ಹೇಳಿದ್ದನ್ನೆಲ್ಲ ಬಸ್ಸಿನಲ್ಲಿ ಒಂದೊಂದಾಗಿ ನೆನೆಸಿಕೊಂಡಳು. ಬಿಸಿಲು ಹೇಗಿತ್ತು, ನೀರು ಎಷ್ಟು ಕೆಸರಾಗಿತ್ತು, ಯಾರು ಯಾರ ಹೆಸರು ಕೂಗಿ ಸತ್ತರು, ಎಲ್ಲ ಹೇಳಿದ್ದ. ತಾನು ಗುಂಡು ಹಾರಿಸಿದೆ ಎಂದು ಒಂದು ಸಲವಾದರೂ ಹೇಳಿದ್ದನೇ? ಹೇಳಿದ್ದು ನೆನಪಾಗಲಿಲ್ಲ. ಬಿಸಿಲಿನ ಮಾತನ್ನಾದರೆ ಸೇತುವೆಯನ್ನು ಕಾಣದವನೂ ಹೇಳಬಹುದು. ಮುಂದಿನ ಸೀಟಿನವರು ಎರಡು ಸಲ ತಿರುಗಿ ನೋಡಿದ ಮೇಲೆ ತಾನು ತುಟಿಯಾಡಿಸುತ್ತಿದ್ದೇನೆ ಎಂದು ಅವಳಿಗೆ ಗೊತ್ತಾಯಿತು.

ಗುರುವಾರ ದೊಡ್ಡಪ್ಪ ಸಲಹೆ ಕೊಡಲು ಸ್ಟುಡಿಯೋಕ್ಕೆ ಬರುವುದು ಮೊದಲೇ ನಿಗದಿಯಾಗಿತ್ತು. ಕೊಕ್ಕೆ ಉಗ್ರಾಣದ ಮೇಜಿನ ಮೇಲೆ ಒಂದು ಮೊಂಡುಮೂತಿ ಇಟ್ಟಳು. ಅದರ ಬಲಮಗ್ಗುಲಲ್ಲಿ ಒಂದು ತೆಳುವಾದ ತಗಡು ಇರುತ್ತದೆ. ಒಳಕ್ಕೆ ದೂಡಿದರೆ ಗುಂಡಿನ ಪೆಟ್ಟಿಗೆ ಮುಚ್ಚಿಕೊಳ್ಳುತ್ತದೆ, ಗುಂಡು ಏರಿಸುವ ಹಿಡಿಯಾದ ಬೋಲ್ಟನ್ನು ಎಷ್ಟು ಎಳೆದರೂ ಗುಂಡು ಮೇಲೆ ಬರುವುದಿಲ್ಲ. ಹೆಬ್ಬೆರಳಿನಿಂದ ಹೊರಕ್ಕೆ ಎಳೆದರೆ ಸರಿ. ಉದ್ದಮೂಗಿನಲ್ಲಿ ಆ ತಗಡನ್ನೇ ತೆಗೆದುಹಾಕಿದರು. ಹೋದ ವರ್ಷ ಬಂದಿದ್ದ ಒಬ್ಬ ಹಳೆಯ ಸಿಪಾಯಿಯ ಕೈ ಎಷ್ಟು ನಡುಗುತ್ತಿತ್ತೆಂದರೆ ಕಾಫಿಯ ಅರ್ಧ ಅಂಗಿಗೇ ಹೋಯಿತು. ಆದರೂ ಮೊಂಡುಮೂತಿ ಕೈಗೆ ಬಂದದ್ದೇ ತಡ, ಅವನ ಹೆಬ್ಬೆರಳು ಕಣ್ಣಿನ ನೆರವಿಲ್ಲದೆ ತಗಡನ್ನು ಹುಡುಕಿಕೊಂಡಿತ್ತು. ಕೊಕ್ಕೆ ಪೆಟ್ಟಿಗೆಗೆ ಐದು ಡಮ್ಮಿ ಗುಂಡು ತುಂಬಿ, ತಗಡನ್ನು ಒಳಕ್ಕೆ ದೂಡಿದಳು. ಮಾಮ ನೋಡುತ್ತಿದ್ದ.

ನಿರ್ದೇಶಕ ದೊಡ್ಡಪ್ಪನ ತೋಳು ಹಿಡಿದು ಕರೆತಂದ. ಆವತ್ತು ಹೇಗೆ ಹಿಡಿದಿದ್ರಿ, ಸ್ವಲ್ಪ ತೋರಿಸಿ ಯಜಮಾನರೇ ಎಂದು ಗೋಗರೆದ. ದೊಡ್ಡಪ್ಪ ರೈಫಲ್ ಎತ್ತಿಕೊಂಡ. ಹಿಂಬದಿಯನ್ನು ಭುಜಕ್ಕೆ ಒತ್ತಿದ್ದು ಫೋಟೋದಲ್ಲಿ ಇದ್ದ ಹಾಗೆಯೇ ಇತ್ತು, ಒಂದು ಕೂದಲೂ ಹೆಚ್ಚುಕಡಿಮೆಯಿಲ್ಲ. ಬೋಲ್ಟ್ ಎಳೆದ. ಏನೂ ಬರಲಿಲ್ಲ. ಮತ್ತೆ ಎಳೆದ. ಅವನ ಹೆಬ್ಬೆರಳು ತಗಡಿನ ಮೇಲೆಯೇ ಎರಡು ಸಲ ಹಾದುಹೋಯಿತು, ಅಲ್ಲಿ ನಿಲ್ಲಲಿಲ್ಲ.

"ಕೆಟ್ಟುಹೋಗಿದೆ ಅನ್ಸುತ್ತೆ," ಎಂದು ರೈಫಲ್ಲನ್ನು ಮೇಜಿನ ಮೇಲೆ ಇಟ್ಟ.

ವಯಸ್ಸಾಗಿದೆಯಲ್ಲ ಅದಕ್ಕೂ ಎಂದು ನಿರ್ದೇಶಕ ನಕ್ಕ. ಮಾಮ ಕೊಕ್ಕೆಯ ಮುಖ ನೋಡಿದ. ಆಮೇಲೆ ತಾನಾಗಿಯೇ ನಿರ್ದೇಶಕನನ್ನು ಕಾಫಿಗೆ ಕರೆದುಕೊಂಡು ಹೋದ. ಹೋಗುವಾಗ ಬಾಗಿಲನ್ನೂ ಎಳೆದುಕೊಂಡ.

ಕೊಕ್ಕೆ ಮೇಜಿನ ಆಚೆ ನಿಂತು ಕೈ ಚಾಚಿ, ಒಂದು ಬೆರಳಿನಿಂದ ತಗಡನ್ನು ಹೊರಕ್ಕೆ ಎಳೆದಳು. ಬೋಲ್ಟ್ ಆಡಿಸಿದಳು. ಹಿತ್ತಾಳೆಯ ಡಮ್ಮಿ ಗುಂಡೊಂದು ಮೇಲೆದ್ದು ಟಣ್ಣೆಂದು ಮೇಜಿನ ಮೇಲೆ ಬಿತ್ತು.

"ಸೇತುವೆ ಮೇಲೆ ಎಲ್ಲರ ಕೈಲೂ ಇದ್ದದ್ದು ಇದು, ದೊಡ್ಡಪ್ಪ. ಫೋಟೋದಲ್ಲಿರೋದು ಆಗಿನ್ನೂ ಹುಟ್ಟೇ ಇರಲಿಲ್ಲ."

ಅವನು ಉರುಳುತ್ತಿದ್ದ ಗುಂಡನ್ನು ಅಂಗೈಯಿಂದ ತಡೆದು ನಿಲ್ಲಿಸಿದ.

"ಪರೀಕ್ಷೆ ಇಟ್ಟಿದ್ದೆಯಾ ನನಗೆ?"

"ಹೌದು."

"ಇಡಬೇಕಾದ್ದೇ," ಎಂದ. "ನನ್ನ ಕೈಲಿ ಬಂದೂಕು ಇರಲಿಲ್ಲ ಮಗಾ. ನಾನು ನೀರು ಹೊರೋನು."

ಆಮೇಲೆ ತಡೆತಡೆದು ಹೇಳಿದ. ಮೂರು ದಿನ ಅವನು ಹೊಳೆಯಿಂದ ಸೇತುವೆಗೆ ಕ್ಯಾನುಗಳಲ್ಲಿ ನೀರು ಹೊತ್ತ. ಸೇತುವೆಯಲ್ಲಿ ಕೊನೆಗೆ ಉಳಿದವರು ಮೂವರು, ಅವರಲ್ಲಿ ಒಬ್ಬ ಇವನು. ಎರಡು ವರ್ಷವಾದ ಮೇಲೆ ಒಬ್ಬ ಅಧಿಕಾರಿ ಫೋಟೋ ತೆಗೆಯುವವನನ್ನು ಕರೆದುಕೊಂಡು ಬಂದು, ಕವಾಯತು ಮೈದಾನದಲ್ಲಿ ಮೂಟೆ ಜೋಡಿಸಿ, ಈ ಮೂವರ ಜೊತೆಗೆ ಬೇರೆ ಕಡೆಯಿಂದ ನಾಲ್ಕು ಜನರನ್ನು ತಂದು ನಿಲ್ಲಿಸಿದ. ಬರಿಗೈಲಿ ನಿಂತರೆ ಚೆನ್ನಾಗಿ ಕಾಣುವುದಿಲ್ಲ, ಇವನಿಗೂ ಒಂದು ಕೊಡಿ ಎಂದ. ಕೊಟ್ಟರು. ಹೇಗೆ ಹಿಡಿಯಬೇಕು ಎಂದು ಪಕ್ಕದವನು ತೋರಿಸಿದ. ಸಂಜೆಗೆ ವಾಪಸು ಇಸಿದುಕೊಂಡರು. ಫೋಟೋ ಪೇಪರಿನಲ್ಲಿ ಬಂದ ದಿನ ಎಲ್ಲರೂ ಇವನ ಬೆನ್ನು ತಟ್ಟಿದರು. ಅಲ್ಲ ಎಂದು ಆವತ್ತೇ ಹೇಳಬೇಕಿತ್ತು, ನಾಳೆ ಹೇಳಿದರಾಯಿತು ಎಂದುಕೊಂಡ. ಆ ನಾಳೆಗೆ ಈಗ ನಲವತ್ತು ವರ್ಷ ದಾಟಿತು.

ಕೊಕ್ಕೆಗೆ ಅಳು ಬರಬೇಕಿತ್ತು, ಬರಲಿಲ್ಲ. ಅವಳ ತಲೆಯೊಳಗೆ ಅವಳ ಕಸುಬು ತನ್ನ ಪಾಡಿಗೆ ತಾನು ನಡೆದೇ ಇತ್ತು. ಅವನು ಸರಾಗವಾಗಿ ಹೇಳಿದ್ದನ್ನೂ ತಡವರಿಸಿದ್ದನ್ನೂ ಬೇರೆಬೇರೆ ಇಟ್ಟು ನೋಡುತ್ತಿದ್ದಳು.

"ಬಂದೂಕು ಸುಳ್ಳಾದ ಮೇಲೆ ನೀರು ನಿಜ ಅಂತ ನಾನು ಹೇಗೆ ನಂಬ್ಲಿ?"

ದೊಡ್ಡಪ್ಪನಿಗೆ ನೋವಾಯಿತೋ ಇಲ್ಲವೋ ಮುಖದಲ್ಲಿ ತಿಳಿಯಲಿಲ್ಲ. "ಬೇಡ, ನಂಬಬೇಡ," ಎಂದ. "ಹಾಳೇಲಿ ಬರೆಯೋದಾದ್ರೆ ಬರಿ. ನಿನ್ನ ದೊಡ್ಡಮ್ಮಂಗೆ ಮಾತ್ರ ನಾನೇ ಹೇಳ್ತೀನಿ. ಒಂದು ದಿನ ಕೊಡು."

ಶುಕ್ರವಾರ ಮಧ್ಯಾಹ್ನ ಅವಳು ಹಾಳೆಯನ್ನು ನಿರ್ದೇಶಕನ ಮುಂದೆ ಇಟ್ಟಳು. ಸೇತುವೆಯ ಎಲ್ಲ ಸಿಪಾಯಿಗಳಿಗೂ ಮೊಂಡುಮೂತಿ ಎಂದಿತ್ತು. ನಾಯಕನ ಹೆಸರಿನ ಮುಂದೆ: ಆಯುಧವಿಲ್ಲ, ನೀರಿನ ಕ್ಯಾನ್ ಎರಡು. ನಿರ್ದೇಶಕ ಓದಿ, ಕನ್ನಡಕ ತೆಗೆದು, ಮತ್ತೆ ಹಾಕಿ ಓದಿದ. ಫೋಟೋ ನೋಡಿ ಬೆಳೆದ ಜನ ಥಿಯೇಟರಿನಲ್ಲೇ ಕಲ್ಲು ಹೊಡೆಯುತ್ತಾರೆ ಎಂದ. ಹನ್ನೊಂದು ವರ್ಷದ ಹಿಂದೆ ಇದೇ ತಪ್ಪಿಗೆ ನಮ್ಮ ಮಾನ ಕಳೆದವಳು ನೀನೇ ಅಲ್ಲವೇ ಎಂದ. ಆವತ್ತು ತಪ್ಪಿದ್ದು ನಾನು, ಅದನ್ನೂ ಬರೆದು ಕೊಡುತ್ತೇನೆ ಎಂದಳು. ಅದನ್ನು ಹೇಳುವಾಗ ಗ್ರೀಸ್ ಮಾಮ ಬಾಗಿಲಲ್ಲೇ ಇದ್ದ. ಅವನು ಕೆಮ್ಮಿದ, ಅಷ್ಟೆ. ಅದು ಗೆದ್ದವನ ಕೆಮ್ಮೋ, ಬರೀ ಧೂಳಿನದ್ದೋ, ಅವಳಿಗೆ ಹೇಳಲಾಗಲಿಲ್ಲ.

"ನನ್ನ ಹೀರೋ ಕೈಗೆ ಕ್ಯಾನ್ ಕೊಟ್ಟು ಓಡಿಸ್ಲಾ?" ಎಂದ ನಿರ್ದೇಶಕ. "ಇದನ್ನ ನಿಮ್ಮ ದೊಡ್ಡಪ್ಪ ಒಪ್ತಾರಾ?"

ಉತ್ತರ ಅಂಗಳದಿಂದ ಬಂತು. ದೊಡ್ಡಪ್ಪ ಯಾರೂ ಕರೆಯದೆ ಬಂದಿದ್ದ. ಗಡ್ಡ ನುಣ್ಣಗೆ ಬೋಳಿಸಿದ್ದ, ಗಲ್ಲದ ಮೇಲೆ ಒಂದು ಕಡೆ ಕುಯ್ದುಕೊಂಡಿದ್ದ. ನಿನ್ನೆ ಸಂಜೆ ನಿನ್ನ ದೊಡ್ಡಮ್ಮಂಗೆ ಹೇಳಿದೆ, ಆವಾಗಿಂದ ಮನೆಯಲ್ಲಿ ಮಾತಿಲ್ಲ, ಬೆಳಗ್ಗೆ ಕಾಫಿ ಲೋಟವನ್ನು ಮೇಜಿಗೆ ಕುಕ್ಕಿ ಹೋದಳು ಎಂದು ಕೊಕ್ಕೆಗೆ ಮಾತ್ರ ಕೇಳುವಂತೆ ಹೇಳಿದ. ಆಮೇಲೆ ನಿರ್ದೇಶಕನಿಗೆ ಎಲ್ಲವನ್ನೂ ಮತ್ತೊಮ್ಮೆ ಹೇಳಿದ, ಫೋಟೋ, ಮೈದಾನ, ಮೂಟೆ. ನಿರ್ದೇಶಕ ಮೊದಲು ಬೆವರು ಒರೆಸಿಕೊಂಡ. ನಿಧಾನವಾಗಿ ಅವನ ಕಣ್ಣು ಕಿರಿದಾಯಿತು. ಎರಡು ಕ್ಯಾನ್ ಹೊತ್ತ ಒಬ್ಬನೇ ಮನುಷ್ಯ ಸೇತುವೆಯ ಮೇಲೆ ಓಡುವುದು ಅವನ ಕಣ್ಣಿಗೆ ಕಾಣತೊಡಗಿತ್ತು. ಸಿನಿಮಾದವರನ್ನು ನಂಬುವ ಹಾಗಿಲ್ಲ. ಎದುರು ಕೂತವನ ನಾಚಿಕೆಯನ್ನೂ ಅವರು ಚೌಕಟ್ಟಿಗೆ ಕೂರಿಸಿ ನೋಡುತ್ತಾರೆ.

ಅಂಗಳದ ಕೊನೆಯಲ್ಲಿ ಹೊಳೆದಂಡೆಗೆಂದು ಕಟ್ಟಿದ್ದ ಮಣ್ಣಿನ ಇಳಿಜಾರಿತ್ತು. ನಾಯಕ ನಟ ಎರಡು ಕ್ಯಾನ್ ಹಿಡಿದು ಹತ್ತಿದ; ಅರ್ಧ ನೀರು ಪ್ಯಾಂಟಿಗೇ ಚೆಲ್ಲಿತು. ದೊಡ್ಡಪ್ಪ ಅವನ ಕೈಯಿಂದ ಕ್ಯಾನುಗಳನ್ನು ತೆಗೆದುಕೊಂಡು, ಮೊಣಕಾಲು ಬಗ್ಗಿಸಿ, ಅಡ್ಡಡ್ಡ ಹೆಜ್ಜೆ ಇಡುತ್ತ ಮೇಲಕ್ಕೆ ಹೋದ. ಮುದುಕನ ಉಸಿರು ಕೆಳಗಿನವರೆಗೂ ಕೇಳಿಸುತ್ತಿತ್ತು. ನೀರು ಚೆಲ್ಲಲಿಲ್ಲ. ಕೆಲಸದವರು ಕೈ ನಿಲ್ಲಿಸಿ ನೋಡಿದರು. ಕೊಕ್ಕೆ ನೋಡಿದ್ದು ಅವನ ಪಾದಗಳನ್ನು. ಸೇತುವೆಯಲ್ಲಿ ಕಲಿತ ನಡಿಗೆಯೋ, ನಿನ್ನೆ ಸಂಜೆ ಮನೆಯ ಮೆಟ್ಟಿಲ ಮೇಲೆ ಬಕೆಟ್ ಹಿಡಿದು ಅಭ್ಯಾಸ ಮಾಡಿದ ನಡಿಗೆಯೋ? ರೈಫಲ್ಲಿನ ಕತ್ತಿನ ಮೇಲೆ ಹುಟ್ಟಿದ ತಿಂಗಳು ಒತ್ತಿರುತ್ತದೆ. ನೀರಿನ ಕ್ಯಾನಿಗೆ ಯಾರು ಏನನ್ನು ಒತ್ತುತ್ತಾರೆ?

ಅವಳು ಹಾಳೆಯ ಆಯುಧಗಳ ಭಾಗದ ಕೆಳಗೆ ಸಹಿ ಹಾಕಿದಳು. ಕ್ಯಾನಿನ ಸಾಲಿನ ಪಕ್ಕ "ಹೇಳಿಕೆ ಮಾತ್ರ, ದಾಖಲೆಯಿಲ್ಲ" ಎಂದು ಸಣ್ಣದಾಗಿ ಬರೆದಳು.

ಕ್ಯಾನಿಗೆ ಮುಚ್ಚಳ ಇತ್ತೇ ಎಂದು ನಿರ್ದೇಶಕ ಕೆಳಗಿನಿಂದ ಕೂಗಿ ಕೇಳಿದ. ಇಳಿಜಾರಿನ ಮೇಲೆ ದೊಡ್ಡಪ್ಪ ಕ್ಯಾನುಗಳನ್ನು ನೆಲಕ್ಕೆ ಇಟ್ಟ. ಅವನ ಕಣ್ಣು ಒಮ್ಮೆ ಕೊಕ್ಕೆಯ ಕೈಯಲ್ಲಿದ್ದ ಹಾಳೆಯ ಕಡೆ ಬಂದು ಹೋಯಿತು.

"ಇರಲಿಲ್ಲ," ಎಂದ. "ಕ್ಯಾನಿನ ಬಾಯಿಗೆ ಬಟ್ಟೆ ಕಟ್ತಿದ್ವಿ."

ನಿರ್ದೇಶಕ ಯಾರನ್ನೋ ಬಟ್ಟೆ ತರಲು ಓಡಿಸಿದ. ಕೊಕ್ಕೆ ಪೆನ್ನನ್ನು ಹಾಳೆಯ ಮೇಲೆ ಇಟ್ಟು, ತಲೆ ಎತ್ತಿದಳು.

"ಯಾವ ಬಣ್ಣದ ಬಟ್ಟೆ, ದೊಡ್ಡಪ್ಪ?"