ಕಾಳಿನ ಕೋಣೆಯ ಮೈಕು

ಮೇಲವಂಕಿಯ ನಮ್ಮ ಓಣಿಯಲ್ಲಿ ಯಾರ ಮನೆಯ ಮದುವೆಯೇ ಇರಲಿ, ಹಂದರ ಹಾಕಿದ ಮೇಲೆ ಮೈಕಿನ ಯಲ್ಲಾರಿ ಎರಡು ವಾಯರು ಎಳೆಯುತ್ತಿದ್ದ. ಒಂದು, ಮದುವೆ ಮಾಡಿಸುವ ಅಯ್ಯನವರ ಮುಂದಕ್ಕೆ. ಇನ್ನೊಂದು ತಲಬಾಗಿಲು ದಾಟಿ, ಪಡಸಾಲೆ ದಾಟಿ, ಒಳಗಿನ ಕಾಳಿನ ಕೋಣೆಗೆ. ಅಲ್ಲಿ ಜೋಳದ ಚೀಲಗಳ ನಡುವೆ ಕಂಬಳಿ ಹಾಸಿಕೊಂಡು ತಾಯವ್ವ ಕೂತಿರುತ್ತಿದ್ದಳು. ಅವಳು ಒಳಗಿನಿಂದ ಒಂದು ಸಾಲು ಹಾಡಿದರೆ, ಹಂದರದಲ್ಲಿ ಕೂತ ಮುತ್ತೈದೆಯರು ಅದನ್ನೇ ತಿರುಗಿ ಹಾಡುವರು. ಸೋಬಾನೆ ಪದಗಳನ್ನು ಅವಳಷ್ಟು ಬಲ್ಲವರು ಸುತ್ತಲಿನ ಊರುಗಳಲ್ಲಿ ಇಲ್ಲ. ಆದರೆ ಅವಳಿಗೆ ಗಂಡನಿಲ್ಲ. ಆದ್ದರಿಂದ ಅವಳ ದನಿ ಹಂದರಕ್ಕೆ ಬರಬಹುದು, ಮುಖ ಬರಕೂಡದು.

ಈ ಏರ್ಪಾಟನ್ನು ಯಾರು ಕಂಡುಹಿಡಿದರೋ ಗೊತ್ತಿಲ್ಲ. ತಾವು ಬಹಳ ಶಾಣ್ಯಾರು ಎಂದು ಬೆನ್ನು ತಟ್ಟಿಕೊಂಡಿರಬೇಕು.

ತಾಯವ್ವನ ತವರು ಯಮಕನಮರಡಿ. ಸಣ್ಣವಳಿದ್ದಾಗ ತಾಯಿಯ ಎದುರು ಬೀಸುವ ಕಲ್ಲಿಗೆ ಕೂತು, ಗೂಟದ ಮೇಲೆ ಕೈಯಿಟ್ಟು ಹಾಡು ಕಲಿತಳು. ಕುರಿ ಸಾಕುವ ಸಿದ್ರಾಯನ ಕೈಹಿಡಿದು ನಮ್ಮೂರಿಗೆ ಬಂದ ಮೇಲೆ, ಅವಳನ್ನು ಕರೆಯದೆ ಯಾರೂ ಮದುವೆಯ ಅರಿಶಿಣ ಕುಟ್ಟುತ್ತಿರಲಿಲ್ಲ. ಮಗ ಮಾಲಿಂಗ ಇನ್ನೂ ತೊಟ್ಟಿಲಲ್ಲಿದ್ದಾಗ ಸಿದ್ರಾಯ ಕುರಿಹಟ್ಟಿಯಲ್ಲಿ ಹಾವು ಕಚ್ಚಿ ಸತ್ತ. ಅವಳ ಬಳೆ ಒಡೆದರು, ಕುಂಕುಮ ಒರೆಸಿದರು. ನಿನ್ನೆಯವರೆಗೆ ಮುಂದೆ ಕರೆದು ಕೂರಿಸಿದವರು ಅವಳು ಎದುರಾದರೆ ದಾರಿ ಬದಲಿಸತೊಡಗಿದರು.

ಅವಳು ಅಳುತ್ತ ಕೂರಲಿಲ್ಲ. ಕುರಿ ಕಾಯ್ದಳು, ಕಬ್ಬಿನ ಹೊಲದಲ್ಲಿ ಕಸ ತೆಗೆದಳು, ಮಗನನ್ನು ಸಾಲೆಗೆ ಕಳಿಸಿದಳು. ಹಾಡುವುದನ್ನೂ ಬಿಡಲಿಲ್ಲ, ಹೊಲದಲ್ಲಿ ಹಾಡುವುದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲವಲ್ಲ. ಒಂದು ಮದುವೆಯಲ್ಲಿ ಹೆಂಗಸರಿಗೆ ಪದವೇ ನೆನಪಾಗದೆ ಬಾಯಿ ಕಟ್ಟಿತು. ಆಗ ಅವಳನ್ನು ಹಿತ್ತಲ ಬಾಗಿಲಿನಿಂದ ಕರೆತಂದು, "ಒಳಗ ಕುಂತು ಹೇಳಿಕೊಡವಾ" ಅಂದರು. ಅವಳು ಹೋದಳು. ಹಾಡೆಂದರೆ ಅವಳಿಗೆ ಅಷ್ಟು ಆಸೆ. ಮುಂದೆ ಮೈಕು ಬಂತು, ವಾಯರು ಬಂತು, ಅವಳು ಮಾತ್ರ ಅದೇ ಕೋಣೆಯಲ್ಲಿ ಉಳಿದಳು. ಹೊಟ್ಟೆಯ ಮಗ ಮಾಲಿಂಗನ ಮದುವೆಯಲ್ಲೂ ಅಲ್ಲೇ ಕೂತಿದ್ದಳು. ಬಾಜಾ ಜೋರಾದಾಗ, ಅಕ್ಕಿಕಾಳು ಬಿತ್ತು, ತಾಳಿ ಕಟ್ಟಿದ ಎಂದು ತಿಳಿದುಕೊಂಡಳು.

ಈ ಸಲದ ಮದುವೆ ಮಾಲಿಂಗನ ಮಗಳು ದೀಪಾಳದು. ಹುಡುಗಿ ಗೋಕಾಕದ ಆಸ್ಪತ್ರೆಯೊಂದರಲ್ಲಿ ನರ್ಸ್. ಹುಡುಗ ಉಮೇಶ, ಹುಕ್ಕೇರಿ ಕಡೆ ನಿಡಸೋಸಿಯವನು. ಮದುವೆಗೆ ವಾರವಿರುವಾಗ ಪಡಸಾಲೆಯಲ್ಲಿ ಮಾತು ಹುಟ್ಟಿತು. ಸಿದ್ರಾಯನ ಅಕ್ಕ ಗೌರಕ್ಕ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಳು. ಗಂಡ, ಮಕ್ಕಳು, ಮೊಮ್ಮಕ್ಕಳಿರುವ ತುಂಬಿದ ಮುತ್ತೈದೆ. ಮದುವೆಮನೆಗಳಲ್ಲಿ ಅವಳ ಮಾತಿಗೆ ಎದುರಿಲ್ಲ.

"ನನಗ ಮೊದಲನೇ ಅರಿಶಿಣ ನಮ್ಮ ಆಯಿ ಹಚ್ಚಬೇಕು," ಎಂದಳು ದೀಪಾ, ಅಜ್ಜಿಯ ಕಡೆ ಕೈಮಾಡಿ. "ಹಂದರದಾಗ, ಎಲ್ಲಾರ ಮುಂದ."

"ಹುಚ್ಚುಗಿಚ್ಚು ಹಿಡದೈತೇನ ನಿನಗ? ಗಂಡ ಇಲ್ಲದಾಕಿ ಮದುಮಗಳನ್ನ ಮುಟ್ಟಿದ್ದು ಎಲ್ಲಿ ಕೇಳೀದಿ?" ಎಂದಳು ಗೌರಕ್ಕ.

"ಆಕಿ ಹಾಡಲಿಲ್ಲಂದ್ರ ನಿಮ್ಮ ಒಂದು ಲಗ್ನಾನೂ ಮುಂದ ಹೋಗೂದಿಲ್ಲ ದೊಡ್ಡಾಯಿ. ದನಿಯಿಂದ ಯಾರಿಗೂ ಕೆಟ್ಟ ಆಗಲಿಲ್ಲ, ಮಾರಿ ತೋರಿಸಿದ್ರ ಹೆಂಗ ಆಗತೈತಿ?"

"ದನಿ ಬ್ಯಾರೆ, ಕಣ್ಣು ಬ್ಯಾರೆ. ಹಿರ್ಯಾರು ಸುಮ್ಮನ ಮಾಡಿಲ್ಲ."

"ಹಿರ್ಯಾರ ಕಾಲದಾಗ ಮೈಕ ಇತ್ತೇನು? ಅದನ್ನ ನೀವ ಮಾಡಿದ್ರಿ. ಇದನ್ನೂ ನೀವ ಬಿಡಬಹುದು."

ಮಾಲಿಂಗ, "ಬೀಗರು ಏನಂತಾರೋ ಏನೋ," ಎಂದು ಜಾರಿಕೊಂಡ.

ಮೂಲೆಯಲ್ಲಿ ಬಳ್ಳೊಳ್ಳಿ ಸುಲಿಯುತ್ತಿದ್ದ ತಾಯವ್ವ ಕೊನೆಗೆ ಬಾಯಿಬಿಟ್ಟಳು. "ಬ್ಯಾಡವಾ ದೀಪಾ. ನನ್ನ ನಸೀಬ ನನಗಿರಲಿ. ಅದು ನಿನ್ನ ಮೈಗೆ ತಾಗೂದು ಬ್ಯಾಡ. ನಾ ಒಳಗ ಕುಂತ ಹಾಡತೇನಿ."

ಅವಳು ಸುಮ್ಮನೆ ಆಡಿದ ಮಾತಲ್ಲ, ಹಾಗೆಂದು ನಂಬಿದ್ದಳು. ಗೌರಕ್ಕನ ಹಟ ಕಂಡರೆ ನನಗೆ ಸಿಟ್ಟು ಬರುತ್ತದೆ. ತಾಯವ್ವನ ಈ ನಂಬಿಕೆ ಕಂಡರೆ ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯುವುದಿಲ್ಲ.

ಅರಿಶಿಣದ ದಿನ ಹಂದರ ತುಂಬಿತ್ತು. ಗಂಡಿನ ಕಡೆಯಿಂದ ಅರಿಶಿಣ ತಂದವರ ಜೊತೆ ಉಮೇಶನ ಕಾಕಾ ಬಸವಣ್ಣೆಪ್ಪ ಬಂದಿದ್ದ. ದೀಪಾ ಮಣೆಯ ಮೇಲೆ ಕೂತಳು. ಬೇವಿನ ಗಿಡಕ್ಕೆ ಕಟ್ಟಿದ ಸ್ಪೀಕರಿನಿಂದ ತಾಯವ್ವನ ದನಿ ಬಂತು:

"ಹೊಲದಾಗ ಬೆಳೆದಂಥ ಹೊಸ ಅರಿಶಿಣ ತಂದೇವ,
ಕೊರಳೆತ್ತಿ ಕೂರ ಮದುಮಗಳ."

ಮುತ್ತೈದೆಯರು ತಿರುಗಿ ಹಾಡಿದರು, ಅರಿಶಿಣ ಹಚ್ಚಿದರು. ಒಂದು ಪದ ಮುಗಿದು ಚಹಾ ಹಂಚುವುದು ನಡೆಯಿತು. ಪದ ನಿಂತಾಗಲೆಲ್ಲ ಯಲ್ಲಾರಿ ಒಳಗಿನ ಮೈಕು ಬಂದ್ ಮಾಡುವುದು ವಾಡಿಕೆ. ಅಂದು ಅವನು ಉಪ್ಪಿಟ್ಟಿನ ತಟ್ಟೆ ಹಿಡಿದು ಆಚೆ ನಿಂತಿದ್ದ. ಅಷ್ಟರಲ್ಲಿ ದೀಪಾಳ ತಾಯಿ ನಾಗರತ್ನಾ ಬೆಲ್ಲ ತರಲೆಂದು ಕಾಳಿನ ಕೋಣೆಗೆ ಹೋದಳು. ಅತ್ತೆ ಸೊಸೆಯರ ಮಾತು ಹಂದರಕ್ಕೆಲ್ಲ ಕೇಳತೊಡಗಿತು.

"ನಾಗರತ್ನಾ, ಹುಡಿಗಿ ಯಾವ ಸೀರಿ ಉಟ್ಟಾಳ?"

"ಹಳದೀದ್ರಿ ಅತ್ತಿ. ಹಸರ ದಡಿದು."

"ಅರಿಶಿಣ ಕಣ್ಣಾಗ ಹೋದೀತು, ನೋಡಿ ಹಚ್ಚಂತ ಹೇಳ ಅವರಿಗೆ. ನಗಾಕತ್ತಾಳೇನ?"

"ನಗಾಕತ್ತಾಳ್ರಿ."

ಗಡಿಗೆ ಸರಿಸುವ ಸದ್ದು ಬಂತು. ಆಮೇಲೆ ಮತ್ತೆ ಅದೇ ದನಿ. "ಮಾಲಿಂಗನ ಲಗ್ನದಾಗೂ ಹಿಂಗ ಕೇಳಿದ್ದೆ. ಯಾರೋ ಬೆಲ್ಲ ಒಯ್ಯಾಕ ಬಂದಿದ್ರು. ನನ್ನ ಮಗ ಹೆಂಗ ಕಾಣತಾನ ಅಂದೆ. ಚಂದ ಕಾಣತಾನ ಅಂದ್ರು. ಊರ ಮಂದಿಗೆಲ್ಲಾ ಹಾಡಿದೆ ನೋಡ, ನಮ್ಮ ಮನ್ಯಾಗಿನ ಮದುಮಕ್ಕಳ ಮಾರಿ ಕಂಡಿಲ್ಲ. ಸಾಯೂದರಾಗ ಒಮ್ಮೆರ ನೋಡಬೇಕನಸ್ತೈತಿ. ಹೋಗಲಿ ಬಿಡ. ಬೆಲ್ಲ ಮ್ಯಾಲಿನ ಗಡಿಗ್ಯಾಗ ಐತಿ."

ಯಲ್ಲಾರಿ ತಟ್ಟೆ ಬಿಟ್ಟು ಓಡಿಬಂದ. ಒಲೆಯ ಬಳಿ ನಿಂತಿದ್ದ ಮಾಲಿಂಗ ಅವನ ಕೈ ಹಿಡಿದು, "ಇರಲಿ ಬಿಡು, ಬಂದ್ ಮಾಡಬ್ಯಾಡ," ಎಂದ. ಮಾಲಿಂಗನ ಕಣ್ಣುಗಳು ತುಂಬಿದ್ದವು.

ದೀಪಾ ಅರಿಶಿಣದ ಬಟ್ಟಲು ಹಿಡಿದು ಎದ್ದಳು.

"ಮಣಿ ಬಿಟ್ಟು ನಡುವ ಏಳಬಾರದು, ಕುಂಡ್ರ," ಎಂದು ಗೌರಕ್ಕ ಸೆರಗು ಹಿಡಿದಳು.

"ಆಯಿ ಹಂದರಕ್ಕ ಬರಬಾರದಂದ್ರಿ. ನಾ ಕ್ವಾಣಿಗೆ ಹೋಗಬಾರದಂತ ಯಾರೂ ಅಂದಿಲ್ಲಲ್ಲ," ಎಂದು ಸೆರಗು ಬಿಡಿಸಿಕೊಂಡು ಒಳಗೆ ನಡೆದಳು.

"ಏನ್ರಿ ಬೀಗರ, ಇದೇನಿದು?" ಎಂದು ಬಸವಣ್ಣೆಪ್ಪ ಎದ್ದು ನಿಂತ.

ಬೀಗರಿಗೆ ಅಂಜುತ್ತಿದ್ದ ಮಾಲಿಂಗ ಹೇಳಿದ, "ನಮ್ಮವ್ವನ ಕಡೆ ಹೋಗ್ಯಾಳ್ರಿ. ಕುಂಡ್ರಿ, ಚಾ ಕುಡೀರಿ."

ಸ್ಪೀಕರಿನಲ್ಲಿ ಗಾಬರಿಯ ದನಿ ಕೇಳಿತು. "ಯಾಕ ಬಂದಿ ಯವ್ವಾ? ಹೊರಗ ನಡಿ. ನನ್ನ ಮುಟ್ಟಬ್ಯಾಡ."

"ಹಚ್ಚ ಆಯಿ."

"ಈ ಕೈ ಬ್ಯಾಡ ಮಗಳ. ನಿನಗ ಏನರ ಆತಂದ್ರ ನಾ ಹೆಂಗ ಬದುಕಲಿ?"

"ಅಪ್ಪನ್ನ ಈ ಕೈಲೇ ಜ್ವಾಪಾನ ಮಾಡಿದಿ. ನನಗ ಈ ಕೈಲೇ ಎರದಿ, ಉಣಿಸಿದಿ. ಅವಾಗೇನೂ ಆಗಲಿಲ್ಲ. ನೀ ಹಚ್ಚೂಮಟಾ ನಾ ಇಲ್ಲಿಂದ ಏಳಾಕಿ ಅಲ್ಲ. ಲಗ್ನ ನಿಂತ್ರ ನಿಲ್ಲಲಿ."

ಹಂದರದಲ್ಲಿ ಅಷ್ಟೂ ಮುತ್ತೈದೆಯರು ಸ್ಪೀಕರಿನತ್ತ ಕಿವಿಯಿಟ್ಟು ಕೂತಿದ್ದರು. ಒಳಗೇನು ನಡೆದಿದೆಯೆಂದು ಒಬ್ಬರಿಗೂ ಕಾಣುತ್ತಿರಲಿಲ್ಲ. ಇಷ್ಟು ವರ್ಷ ಆ ಮುದುಕಿ ಹೀಗೇ ಕೂತಿದ್ದಳೆಂದು ಅವರಿಗೆ ಹೊಳೆಯಿತೋ ಇಲ್ಲವೋ, ನನಗಂತೂ ಹೊಳೆಯಿತು.

ಬಹಳ ಹೊತ್ತಿನ ಮೇಲೆ ಹಾಡು ಬಂತು. ತಾಯವ್ವ ಅರಿಶಿಣ ಹಚ್ಚುತ್ತಿದ್ದಾಳೆಂದು ಅದರಿಂದಲೇ ತಿಳಿದೆವು. ಹೊಲದಾಗ ಬೆಳೆದಂಥ ಹೊಸ ಅರಿಶಿಣ ತಂದೇವ. ತಿರುಗಿ ಹಾಡಲು ಯಾರೂ ಬಾಯಿ ತೆರೆಯಲಿಲ್ಲ. ಎಲ್ಲರೂ ಗೌರಕ್ಕನ ಮುಖ ನೋಡಿದರು. ಗೌರಕ್ಕ ಎಲೆ ಅಡಿಕೆ ಉಗುಳಿ ಬಂದು ಕೂತು, ಅದೇ ಸಾಲು ತಿರುಗಿ ಎತ್ತಿಕೊಂಡಳು. ರೂಢಿಯೋ, ಮನಸ್ಸು ಕರಗಿತೋ, ನಾನು ಕೇಳಿಲ್ಲ. ಉಳಿದವರು ದನಿಗೂಡಿಸಿದರು. ಬಸವಣ್ಣೆಪ್ಪನೂ ಚಹಾ ಕುಡಿದ.

ಮರುದಿನ ಅಕ್ಕಿಕಾಳಿನ ಹೊತ್ತಿಗೆ ಯಲ್ಲಾರಿ ವಾಯರಿನ ಸುರುಳಿ ಹಿಡಿದು ಬಂದ. "ಒಂದ ವಾಯರ ಸಾಕು. ಒಳಗ ಯಾರೂ ಇಲ್ಲ," ಎಂದ ಮಾಲಿಂಗ.

ತಾಯವ್ವ ಮುಂದಿನ ಸಾಲಿನಲ್ಲಿ ಗೌರಕ್ಕನ ಬಾಜೂಕ್ಕೆ ಕೂತಿದ್ದಳು, ಕೈಯಲ್ಲಿ ಮೈಕು. ಬಾಜಾ ಜೋರಾಯಿತು. ಅಕ್ಕಿಕಾಳು ಬಿದ್ದವು. ಉಮೇಶ ತಾಳಿ ಎತ್ತಿದ. ತಾಳಿಯ ಪದ ಶುರುವಾಗಬೇಕಾದ ಹೊತ್ತು. ಎಂದೂ ಒಂದು ಸಾಲು ತಪ್ಪದವಳ ಬಾಯಿಂದ ಪದವೇ ಹೊರಡಲಿಲ್ಲ. ಜನ ಕಾಯ್ದರು. ಗೌರಕ್ಕ ಮೊಣಕೈಯಿಂದ ತಿವಿದಳು.

"ಹಾಡ ತಾಯವ್ವಾ, ತಾಳಿ ಕಟ್ಟಾಕತ್ತಾರ."

"ತಡಿ ಗೌರಕ್ಕ," ಎಂದಳು ತಾಯವ್ವ. ಮೈಕಿನಲ್ಲಿ ಊರಿಗೆಲ್ಲ ಕೇಳಿತು. "ನೋಡಾಕತ್ತೇನಿ."