ಕ್ರೇನ್ ದೊಡ್ಡಮ್ಮ ಹೀಲರ್ ಆದದ್ದು

ಆ ಭಾನುವಾರ ಬೆಳಿಗ್ಗೆ ತಂಗಿಯ ಮನೆಯ ಊಟದ ಮೇಜಿನ ಮೇಲೆ ತಟ್ಟೆ ಲೋಟ ಒಂದೂ ಇರಲಿಲ್ಲ. ಮೂರು ಕಂಪ್ಯೂಟರ್, ಮೂರು ಹೆಡ್‌ಫೋನ್, ಕಾಲಿಗೆ ತೊಡರುವಷ್ಟು ವೈರು.

"ದೊಡ್ಡಮ್ಮ, ನೀವು ಹೀಲರ್," ಅಂದಳು ತಂಗಿಯ ಮಗಳು, ಕೇಳುವ ಗೋಜಿಗೇ ಹೋಗದೆ.

"ಅಕ್ಕ, ತಲೆ ಕೆಡಿಸ್ಕೋಬೇಡಿ," ಅಂದ ತಂಗಿಯ ಗಂಡ. "ಹೀಲರ್ ಅಂದ್ರೆ ಸುಲಭ. ನಮ್ಮ ಹಿಂದೆ ನಿಂತ್ಕೊಂಡು, ಗಾಯ ಆದವರನ್ನ ಒಂದು ಬಟನ್ ಒತ್ತಿ ವಾಸಿ ಮಾಡಿದ್ರೆ ಆಯ್ತು. ಹೊಸಬರಿಗೆ ಅದೇ ಸರಿ."

ದೊಡ್ಡಮ್ಮ ಮೌಸ್ ಮೇಲಿದ್ದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಅವಳಿಗೆ ನಲವತ್ತೇಳು. ಇಪ್ಪತ್ತೊಂದು ವರ್ಷದಿಂದ ಟವರ್ ಕ್ರೇನ್ ನಡೆಸುತ್ತಿದ್ದವಳು. ಬೆಳಿಗ್ಗೆ ಕಬ್ಬಿಣದ ಏಣಿ ಹತ್ತಿ ಇಪ್ಪತ್ತು ಮಹಡಿ ಎತ್ತರದ ಗಾಜಿನ ಗೂಡಿನಲ್ಲಿ ಕೂತರೆ ಇಳಿಯುವುದು ಸಂಜೆಗೇ. ಒಂದು ಕಟ್ಟಡ ಮುಗಿದಿತ್ತು, ಮುಂದಿನದು ಶುರುವಾಗಲು ಎರಡು ವಾರ ಇತ್ತು. ಅಷ್ಟು ದಿನ ತಂಗಿಯ ಮನೆಯಲ್ಲಿ ಕಾಲು ಚಾಚಿ ಮಲಗಬೇಕೆಂದು ಬಂದವಳನ್ನು ಮನೆಯವರು ಕಂಪ್ಯೂಟರ್ ಆಟಕ್ಕೆ ಎಳೆದಿದ್ದರು.

"ಯಾವ ಮಿಷಿನ್ನನ್ನೂ ಓದದೆ ಮುಟ್ಟಿದವಳಲ್ಲ ನಾನು," ಅಂದಳು. "ಎಲ್ಲಾನೂ ಒಂದ್ಸಲ ಓದ್ತೀನಿ. ಆಮೇಲೆ ಏನಾಗ್ಬೇಕು ಅಂತ ನಾನೇ ಹೇಳ್ತೀನಿ."

ಆಟ ಹೀಗಿತ್ತು: ಮಾಯಾಲೋಕದ ಗುಹೆಗಳಿಗೆ ನಾಲ್ಕೈದು ಜನರ ತಂಡ ನುಗ್ಗಬೇಕು. ಒಬ್ಬರು ಢಾಲು ಹಿಡಿದು ಮುಂದೆ ನಿಂತು ಏಟು ತಿನ್ನಬೇಕು. ಅದು ತಂಗಿಯ ಮಗಳ ಕೆಲಸ. ಒಬ್ಬರು ದೂರದಿಂದ ಬಾಣ ಬಿಡಬೇಕು. ಅದನ್ನು ಅವಳ ಸಹಪಾಠಿಯೊಬ್ಬ ತನ್ನ ಮನೆಯಲ್ಲೇ ಕೂತು ಮಾಡುತ್ತಿದ್ದ. ಒಂದು ಕಡೆ ನಿಲ್ಲದೆ ನೆಗೆಯುವುದರಿಂದ ಎಲ್ಲರೂ ಅವನನ್ನು ಮಿಡತೆ ಅನ್ನುತ್ತಿದ್ದರು. ಕತ್ತಿ ತಂಗಿಯ ಗಂಡನದು. ಆತ ಡ್ರೈವಿಂಗ್ ಶಾಲೆಯ ಮೇಷ್ಟ್ರು. ವಾರವಿಡೀ ಕಲಿಯುವವರ ಪಕ್ಕ ಕೂತು "ನಿಧಾನ, ನಿಧಾನ" ಅನ್ನುವವನಿಗೆ ಭಾನುವಾರ ಕತ್ತಿ ಕೈಗೆ ಬಂತೆಂದರೆ ಬ್ರೇಕು ಅನ್ನುವುದೊಂದಿದೆ ಎಂಬುದೇ ಮರೆತುಹೋಗುತ್ತಿತ್ತು.

ದೊಡ್ಡಮ್ಮ ಅರ್ಧ ಗಂಟೆ ಆಟದ ನಿಯಮ ಓದಿದಳು. ಆಮೇಲೆ ಕತ್ತಿಯವಳಾಗಿ ಒಂದು ಸುತ್ತು ಆಡುತ್ತೇನೆ ಅಂದಳು. ಮೇಷ್ಟ್ರು ಮಗಳ ಕಡೆ ನೋಡಿ ಕಣ್ಣು ಮಿಟುಕಿಸಿದ. ಹತ್ತೇ ನಿಮಿಷದಲ್ಲಿ ಆ ಕಣ್ಣು ಪಿಳಿಪಿಳಿ ಬಿಡುವಂತಾಯಿತು. ಎರಡು ಟನ್ ಕಬ್ಬಿಣವನ್ನು ಅಂಗೈಯಗಲದ ಜಾಗದಲ್ಲಿ ಇಳಿಸಿ ಪಳಗಿದ ಕೈ ಅದು. ಏಳು ತೋಳಗಳು ಒಂದರ ಹಿಂದೊಂದು ಉರುಳಿದವು.

"ಅಕ್ಕ, ನೀವು ಕತ್ತೀನೇ ಇಟ್ಕೊಂಬಿಡಿ," ಅಂದ ಮೇಷ್ಟ್ರು, ಪೆಚ್ಚಾಗಿ. "ನಾನು ಬೇರೆ ಏನಾದ್ರೂ..."

"ಬೇಡ. ಕತ್ತಿ ಹಿಡಿದ್ರೆ ಎದುರಿಗಿರೋದು ಬಿಟ್ಟು ಬೇರೇನೂ ಕಾಣ್ಸಲ್ಲ. ನನಗೆ ಆಗಿ ಬರಲ್ಲ. ಈಗ ಹೀಲರ್ ತೆಗೀರಿ ನೋಡೋಣ."

ಹೀಲರ್‌ನ ಪರದೆ ತೆರೆದ ಕೂಡಲೇ ಅವಳು ಬೆನ್ನು ನೇರ ಮಾಡಿ ಕೂತಳು. ತಂಡದವರೆಲ್ಲರ ಜೀವದ ಪಟ್ಟಿಗಳು ಎಡಗಡೆ ಸಾಲಾಗಿ ನಿಂತಿದ್ದವು. ಯಾರಿಗೆ ಎಷ್ಟು ಉಳಿದಿದೆ, ಯಾರು ಎಷ್ಟು ದೂರ ಇದ್ದಾರೆ, ತನ್ನ ಮಂತ್ರಶಕ್ತಿ ಎಷ್ಟು, ಎಲ್ಲ ಒಂದೇ ನೋಟಕ್ಕೆ. ಕೆಳಗೆ ಓಡಾಡುವ ಇರುವೆಯಂಥ ಮನುಷ್ಯರನ್ನು ಮೇಲಿನಿಂದ ಕಾಯುವುದನ್ನು ಬಿಟ್ಟು ಅವಳು ಇಷ್ಟು ವರ್ಷ ಇನ್ನೇನು ಮಾಡಿದ್ದಳು?

"ಇದೇ ನನ್ನ ಕೆಲಸ," ಅಂದಳು. "ಹೀಲರ್ ನಾನೇ."

"ನಾನೂ ಅದನ್ನೇ ಅಲ್ವಾ ಅಕ್ಕ ಮೊದಲೇ ಹೇಳಿದ್ದು?"

"ನೀವು ಸುಲಭ ಅಂತ ಕೊಟ್ರಿ, ಮೇಷ್ಟ್ರೇ. ನಾನು ಕಷ್ಟ ಇದೆ ಅಂತ ತಗೊಂಡೆ."

ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದ ತಂಗಿ ಗಟ್ಟಿಯಾಗಿ ನಕ್ಕಳು.

ಮೊದಲನೇ ಗುಹೆಯಲ್ಲೇ ಜಟಾಪಟಿ ಆಯಿತು. ಹೀಲರ್‌ನ ಮಂತ್ರ ಮೂವತ್ತು ಹೆಜ್ಜೆಯಾಚೆ ನಾಟದು. ಮೇಷ್ಟ್ರು ಬಾಗಿಲು ತೆರೆದದ್ದೇ ತಡ, ಹಿಂದೆ ಮುಂದೆ ನೋಡದೆ ಐವತ್ತು ಹೆಜ್ಜೆ ಓಡಿ ಜೇಡರ ಗುಂಪಿಗೆ ಬಿದ್ದು ಸತ್ತ.

"ಹೀಲರ್ ಎಲ್ಲಿ? ಹೀಲರ್ ಏನ್ ಮಾಡ್ತಿದ್ರಿ?" ಎಂದು ಕುರ್ಚಿಯಿಂದ ಅರ್ಧ ಎದ್ದ.

"ನಾನು ಇಲ್ಲೇ ಇದ್ದೀನಿ. ಎಲ್ಲರ ಜೊತೆ," ಅಂದಳು ದೊಡ್ಡಮ್ಮ, ದನಿ ಏರಿಸದೆ. "ನೀವು ಎಲ್ಲಿಗೆ ಹೋದ್ರಿ?"

ಹೆಡ್‌ಫೋನಿನಲ್ಲಿ ಮಿಡತೆ ಕಿಸಕ್ಕನೆ ನಕ್ಕು, ಆಮೇಲೆ ಸಣ್ಣ ದನಿಯಲ್ಲಿ ಹೇಳಿದ: "ಆಂಟಿ, ನಿಮಗಿಂತ ಮುಂಚೆ ಗುಬ್ಬಿ ಅಂತ ನಮ್ಮ ಕ್ಲಾಸಿನವಳು ಹೀಲರ್ ಆಗಿದ್ಲು. ಯಾರು ಸತ್ರೂ ಅವಳಿಗೇ ಬೈತಾ ಇದ್ವಿ. ನಾನೂ ಬೈದಿದ್ದೀನಿ. ಕಲ್ಲುದೈತ್ಯನ ಹತ್ರ ಹನ್ನೊಂದು ಸಲ ಸೋತ ದಿನ ಅವಳು ಹೆಡ್‌ಫೋನ್ ತೆಗೆದಿಟ್ಟು ಹೋದ್ಲು. ಮತ್ತೆ ಬರ್ಲೇ ಇಲ್ಲ."

ತಂಗಿಯ ಮಗಳು ಕೀಬೋರ್ಡ್ ನೋಡುತ್ತ ಕೂತಳು. ಮೇಷ್ಟ್ರು ಮೌಸನ್ನು ಅತ್ತಿತ್ತ ಸರಿಸಿದ.

ದೊಡ್ಡಮ್ಮನಿಗೆ ಆ ಹುಡುಗಿಯ ಮುಖ ಗೊತ್ತಿರಲಿಲ್ಲ. ಆದರೆ ಆ ನೋವು ಚೆನ್ನಾಗಿ ಗೊತ್ತಿತ್ತು. ಗಾಳಿಗೆ ಲೋಡು ಒಂದಿಷ್ಟು ಓಲಾಡಿದರೂ ಸೈಟಿನವರೆಲ್ಲ ತಲೆಯೆತ್ತಿ ನೋಡುವುದು ಕ್ರೇನಿನ ಗೂಡನ್ನೇ. ಮೊದಲ ವರ್ಷ ಅವಳೂ ಗೂಡಿನಲ್ಲಿ ಕೂತು ಅತ್ತಿದ್ದಳು. ಎರಡನೇ ವರ್ಷ ಮಾತಾಡಲು ಕಲಿತಿದ್ದಳು.

"ಕೇಳಿ ಇಲ್ಲಿ," ಅಂದಳು. "ಮೂವತ್ತು ಹೆಜ್ಜೆ ದಾಟಿದವರ ಜವಾಬ್ದಾರಿ ಅವರದ್ದೇ. ಇನ್ನೊಂದು, ನಾನು 'ನಿಲ್ಲಿ' ಅಂದ್ರೆ ನಿಲ್ಲಬೇಕು. ಯಾಕೆ ಅಂತ ಆಮೇಲೆ ಕೇಳಿ. ಸೈಟಲ್ಲಿ ಕಸ ಗುಡಿಸೋನು ಕೈ ಎತ್ತಿದ್ರೂ ನಾನು ಲೋಡ್ ನಿಲ್ಲಿಸ್ತೀನಿ. ಹಾಗೇ ನೀವು ಯಾರು ಹೇಳಿದ್ರೂ ನಾನೂ ನಿಲ್ತೀನಿ. ಒಪ್ಪಿಗೇನಾ?"

"ಒಪ್ಪಿಗೆ," ಅಂದರು ಮಕ್ಕಳಿಬ್ಬರೂ. ಮೇಷ್ಟ್ರು ಗಂಟಲು ಸರಿಮಾಡಿಕೊಂಡ. ಅದನ್ನೇ ಒಪ್ಪಿಗೆ ಎಂದು ಲೆಕ್ಕಕ್ಕಿಟ್ಟುಕೊಂಡರು.

ಮುಂದಿನ ಭಾನುವಾರ ಕಲ್ಲುದೈತ್ಯನ ಗುಹೆಯ ಬಾಗಿಲಲ್ಲಿ ದೊಡ್ಡಮ್ಮ ಎಲ್ಲರಿಗೂ ಅಚ್ಚರಿಯ ಮಾತೊಂದು ಹೇಳಿದಳು. "ಈ ಸಲ ಗೆಲ್ಲೋದು ಬೇಡ. ಎಷ್ಟು ಹೊತ್ತು ಬದುಕಿರೋಕೆ ಆಗತ್ತೋ ಅಷ್ಟು ಹೊತ್ತು ಇರಿ. ನಾನು ಅದನ್ನ ನೋಡ್ಬೇಕು."

ಹನ್ನೆರಡನೇ ಸಲ ಸೋತರು. ಆದರೆ ಸೋಲುವ ಹೊತ್ತಿಗೆ ಅವಳಿಗೆ ಬೇಕಾದದ್ದು ಸಿಕ್ಕಿತ್ತು. ದೈತ್ಯ ನೆಲ ಒದ್ದಾಗಲೇ ತಂಡ ಸಾಯುತ್ತಿದ್ದದ್ದು. ಒದೆಯುವ ಮುನ್ನ ಪ್ರತಿ ಸಲವೂ ಅವನ ಎಡಭುಜ ಒಂದಿಷ್ಟು ವಾಲುತ್ತಿತ್ತು. ಭಾರ ಎತ್ತ ವಾಲಿದರೆ ಏನಾಗುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕಾಲಡಿ ಇರುವವರಿಗೆ ಅದು ಕಾಣುವುದಿಲ್ಲ, ಹಿಂದೆ ನಿಂತವರಿಗೆ ಮಾತ್ರ ಕಾಣುತ್ತದೆ.

ಹದಿಮೂರನೇ ಸಲ ಒಳಗೆ ಹೋದರು. ಭುಜ ವಾಲಿತು. "ನಿಲ್ಲಿ. ಹಿಂದಕ್ಕೆ." ಮೂವರೂ ಹಿಂದೆ ಸರಿದರು. ನೆಲ ಬಿರಿಯಿತು, ಯಾರಿಗೂ ತಾಗಲಿಲ್ಲ. "ಹೋಗಿ." ಮತ್ತೆ ನುಗ್ಗಿದರು. ಹೀಗೆ ಆರು ಬಾರಿ. ತಂಗಿಯ ಮಗಳು ತುಟಿ ಕಚ್ಚಿಕೊಂಡು ಢಾಲು ಹಿಡಿದಿದ್ದಳು, ಮಿಡತೆ ತನ್ನ ಹೆಸರಿಗೆ ತಕ್ಕಂತೆ ನೆಗೆಯುತ್ತಿದ್ದ. ದೈತ್ಯನ ಜೀವ ಬೆರಳಗಲ ಉಳಿಯಿತು.

ಭುಜ ವಾಲಿತು. "ನಿಲ್ಲಿ."

ಮೇಷ್ಟ್ರು ನಿಲ್ಲಲಿಲ್ಲ. "ಇನ್ನೊಂದೇ ಏಟು ಅಕ್ಕ," ಎನ್ನುತ್ತ ಕಾಲಡಿಗೇ ಹೋದ. ಒದೆತ ಬಿತ್ತು. ಅವನ ಪಟ್ಟಿ ಕೆಂಪಗಾಯಿತು. ಅದೇ ಗಳಿಗೆಗೆ ದೈತ್ಯನ ಮುಷ್ಟಿ ತಂಗಿಯ ಮಗಳ ಢಾಲಿನ ಮೇಲೆ ಬಿದ್ದು ಅವಳ ಪಟ್ಟಿಯೂ ಕೆಂಪಗಾಯಿತು. ದೊಡ್ಡಮ್ಮನಲ್ಲಿ ಒಬ್ಬರನ್ನು ಉಳಿಸುವಷ್ಟೇ ಮಂತ್ರಶಕ್ತಿ ಇತ್ತು.

"ಅಕ್ಕ, ನನಗೆ, ನನಗೆ," ಎಂದ ಮೇಷ್ಟ್ರು.

ಅವಳ ಬೆರಳು ತಡವರಿಸಲಿಲ್ಲ. ಮಂತ್ರ ಢಾಲಿನವಳಿಗೆ ಹೋಯಿತು. ಮೇಷ್ಟ್ರು ಬೋರಲು ಬಿದ್ದ. ಢಾಲು ನಿಂತಿತು, ಢಾಲಿನ ಮರೆಯಿಂದ ಮಿಡತೆ ಬಿಟ್ಟ ಮೂರು ಬಾಣಗಳಲ್ಲಿ ಎರಡು ನಾಟಿದವು. ದೈತ್ಯ ಮಣ್ಣಿನ ಗುಡ್ಡೆಯಂತೆ ಕುಸಿದ.

ಮಕ್ಕಳ ಕೂಗಿಗೆ ತಂಗಿ ಒಳಗಿಂದ ಓಡಿ ಬಂದಳು. ಮಂತ್ರಶಕ್ತಿ ಮತ್ತೆ ತುಂಬುವ ತನಕ ಕಾದು, ದೊಡ್ಡಮ್ಮ ಮೇಷ್ಟ್ರನ್ನು ಎಬ್ಬಿಸಿ ನಿಲ್ಲಿಸಿದಳು.

"ನನ್ನನ್ನ ಯಾಕೆ ಸಾಯೋಕೆ ಬಿಟ್ರಿ?" ಅಂದ ಅವನು. ಸಿಟ್ಟಿರಲಿಲ್ಲ, ನಿಜವಾಗಿ ತಿಳಿಯಬೇಕಿತ್ತು.

"ನಿಮ್ಮನ್ನ ಉಳಿಸಿದ್ರೆ ನೀವೊಬ್ರೇ ಉಳೀತಿದ್ರಿ, ಅದೂ ಎರಡು ಗಳಿಗೆ. ಅವಳು ಉಳಿದಿದ್ದಕ್ಕೆ ಎಲ್ಲರೂ ಉಳಿದ್ರಿ, ಈಗ ನೀವೂ ಎದ್ದು ನಿಂತಿದ್ದೀರಿ."

ಮೇಷ್ಟ್ರು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ. ಅದರ ವೈರನ್ನು ಬೆರಳಿಗೆ ಸುತ್ತಿದ. "ಆ ಹುಡುಗಿ ಗುಬ್ಬೀನೂ ಅವತ್ತು ಹೀಗೇ ಮಾಡಿದ್ಲು," ಅಂದ. "ನನ್ನನ್ನ ಬಿಟ್ಟು ಇವಳನ್ನ ಉಳಿಸಿದ್ಲು. ನಾನು ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ."

"ಹಾಗಾದ್ರೆ ಫೋನ್ ಮಾಡಿ."

"ನಾನಾ? ಇವಳು ಮಾಡ್ಲಿ, ಸ್ನೇಹಿತೆ ಅಲ್ವಾ."

"ಅಂದವರು ನೀವು," ಅಂದಳು ದೊಡ್ಡಮ್ಮ.

ಮಾಡಿದ. ಬಾಲ್ಕನಿಗೆ ಹೋಗಿ, ಬೆನ್ನು ತಿರುಗಿಸಿ, ಗೋಡೆಗೆ ಹೇಳಿದಂತೆ ತಪ್ಪಾಯ್ತಮ್ಮ ಅಂದ. ಆ ಕಡೆಯಿಂದ ಬಹಳ ಹೊತ್ತು ಮಾತು ಬಂದಿರಬೇಕು. ಅವನು ಬರೀ ಹೂಂಗುಡುತ್ತಿದ್ದ. ಒಳಗೆ ಬಂದಾಗ ಕಿವಿ ಕೆಂಪಗಿದ್ದರೂ ಮುಖ ಹಗುರಾಗಿತ್ತು. "ಬರ್ತಾಳಂತೆ. ಆದ್ರೆ ಹೀಲರ್ ಆಗಲ್ವಂತೆ. ಬೆಂಕಿ ಎಸೆಯೋ ಕೆಲಸ ಬೇಕಂತೆ ಅವಳಿಗೆ."

"ತಗೊಳ್ಳಲಿ. ಹೀಲರ್ ಜಾಗ ಹೇಗೂ ಖಾಲಿ ಇಲ್ಲ."

ಮೂರನೇ ಭಾನುವಾರ ಗುಬ್ಬಿ ತನ್ನ ಲ್ಯಾಪ್‌ಟಾಪ್ ಹಿಡಿದು ಬಂದಳು. ಸಣಕಲು ಹುಡುಗಿ, ದೊಡ್ಡ ಕನ್ನಡಕ. ಮೊದಲ ಗುಹೆಯಲ್ಲೇ ಅವಳು ಎಸೆದ ಬೆಂಕಿಗೆ ಅರ್ಧ ಕಾಡು ಸುಟ್ಟುಹೋಯಿತು. ಯಾರೂ ಬೈಯಲಿಲ್ಲ. ಮಾರನೆಯ ದಿನ ದೊಡ್ಡಮ್ಮ ಹೊಸ ಸೈಟಿಗೆ ಹೊರಡಬೇಕಿತ್ತು. ಚೀಲದಲ್ಲಿ ಬೂಟು, ಹೆಲ್ಮೆಟ್ಟಿನ ಜೊತೆ ತಂಗಿಯ ಮಗಳ ಹಳೆಯ ಲ್ಯಾಪ್‌ಟಾಪ್ ಕೂಡ ಇತ್ತು. ಬಾಡಿಗೆ ಕೋಣೆಯಲ್ಲಿ ಇಂಟರ್ನೆಟ್ ಇದೆಯೆಂದು ಅವಳು ಮೊದಲೇ ಕೇಳಿಕೊಂಡಿದ್ದಳು.

ಎಡಗಡೆಯ ಸಾಲಿನಲ್ಲಿ ಈಗ ಐದು ಪಟ್ಟಿಗಳಿದ್ದವು, ಐದೂ ಹಸಿರು. ಹೊಸ ಗುಹೆಯ ಬಾಗಿಲ ಬಳಿ ಮೇಷ್ಟ್ರು ಕಾದು ನಿಂತಿದ್ದ, ಕತ್ತಿ ಕೆಳಗಿಳಿಸಿ.

"ಹೋಗಿ," ಅಂದಳು ದೊಡ್ಡಮ್ಮ.