ಪಕ್ಕದ ಮಗ್ಗದ ಮಾತು

ಕುಕ್ಕರಿನ ತಲೆಯ ಮೇಲಿನ ತೂಕ ಅಲ್ಲಾಡಿತು, ಹಬೆ ಚಾವಣಿಗೆ ಹಾರಿತು, ಒಂದು — ಎಂದು ಎಣಿಸಿದೆ, ಕಿವಿಯಿಂದಲ್ಲ, ಕಣ್ಣಿನಿಂದ, ಅಮ್ಮಾ ಎಷ್ಟು ಸೀಟಿ ಆಯ್ತು ಎಂದು ಮಗಳು ಎದುರಿಗೆ ಬಂದು ನಿಂತಾಗ ತುಟಿ ನೋಡಿಕೊಂಡು ಒಂದೇ ಕಣೇ, ನಿನಗೇನು ಕಿವುಡಾ ಎಂದು ರೇಗಿದೆ — ಕಿವುಡಿ ನಾನು, ಬೈಸಿಕೊಂಡವಳು ಅವಳು. ಇಪ್ಪತ್ತೆರಡು ವರ್ಷ, ನೂರು ಮಗ್ಗ ಒಟ್ಟಿಗೆ ಬಡಿಯುವ ಗಿರಣಿಯಲ್ಲಿ ನಿಂತವಳಿಗೆ ಕಿವಿ ಎಲ್ಲಿ ಉಳಿಯುತ್ತದೆ, ಒಂದೇ ದಿನ ಹೋಗಿದ್ದರೆ ಎದೆ ಬಡಿದುಕೊಳ್ಳಬಹುದಿತ್ತು, ಇದು ಒಗೆದೊಗೆದು ಬಟ್ಟೆಯ ಬಣ್ಣ ಹೋದ ಹಾಗೆ ಹೋಯಿತು, ಮೊದಲು ಗುಬ್ಬಿ, ಆಮೇಲೆ ಗಡಿಯಾರ, ಈ ಸೀಟಿ ಹೋದದ್ದು ಹೋದ ವರ್ಷ. ಯಾರಿಗೂ ಹೇಳಿಲ್ಲ, ಬಾಯಿಬಡುಕಿ ಎಂದು ಹೆಸರಿದೆಯಲ್ಲ, ಆ ಹೆಸರಿನ ಕೆಳಗೆ ಕಿವುಡು ಚೆನ್ನಾಗಿ ಅಡಗಿ ಕೂತಿದೆ, ಕೇಳಿಸದಿದ್ದರೆ ನಾನೇ ಮೊದಲು ಬೈದುಬಿಡುತ್ತೇನೆ, ತಪ್ಪು ತಮ್ಮದೇ ಎಂದುಕೊಂಡು ಎದುರಿನವರು ಇನ್ನೊಮ್ಮೆ ಹೇಳುತ್ತಾರೆ. ಆದರೆ ಈ ರೋಗ ಊರಿಗೆಲ್ಲ ಹಾಕಿರುವ ಬೀಗ ಮುಂದೆ ತೆಗೆದ ದಿನ ಗಿರಣಿಯಲ್ಲಿ ಎಲ್ಲರ ಬಾಯಿಗೂ ಮಾಸ್ಕು, ಮೇಸ್ತ್ರಿ ಕಚೇರಿಗೆ ಕರೆದು ಏನೋ ಕೇಳುತ್ತಾನೆ, ನಾನು ಆ ಬಟ್ಟೆಯ ಚೌಕ ನೋಡುತ್ತಾ ನಿಲ್ಲುತ್ತೇನೆ, ಕಿವಿ ಕೇಳದವಳನ್ನು ಯಂತ್ರದ ಹತ್ತಿರ ಬಿಡಬೇಡಿ ಎಂದರೆ ಮುಗಿಯಿತು, ಮೂರು ವಾರದಿಂದ ಇದೊಂದೇ ಮುಳ್ಳು, ಉಳಿದದ್ದೆಲ್ಲ — ಹೇಳಬಾರದು, ದೃಷ್ಟಿ ತಾಗೀತು — ಉಳಿದದ್ದೆಲ್ಲ ಸುಖ, ಅತ್ತೆ ಕಿಟಕಿಯ ಬಿಸಿಲಿಗೆ ಕಾಲು ಚಾಚಿ ಕೂತಿದ್ದಾರೆ, ಬಸ್ಸು ಓಡಿಸುವ ಗಂಡ ಮದುವೆಯಾದ ಮೇಲೆ ಮೊದಲ ಸಲ ಇಷ್ಟು ದಿನ ಮನೆಯಲ್ಲಿದ್ದಾರೆ, ನಾಲ್ಕು ತಟ್ಟೆ ಒಟ್ಟಿಗೆ ನೆಲದ ಮೇಲೆ. ನಿನ್ನೆ ಶನಿವಾರ ಹೊತ್ತು ಹೋಗದೆ ಮಗಳು, ಆ ಗದ್ದಲದಲ್ಲಿ ಹೇಗಮ್ಮಾ ಮಾತಾಡ್ತೀರಾ ಎಂದಳು, ಕೈಯಲ್ಲಿ ಎಂದೆ, ತೋರಿಸು ಎಂದು ಗಂಟುಬಿದ್ದಳು, ತೋರಿಸಿದೆ — ಎರಡು ಬೆರಳು ಜೋಡಿಸಿ ಎಳೆದರೆ ನೂಲು ಕಡಿಯಿತು, ಇಲ್ಲದ ಮೀಸೆ ತಿರುವಿದರೆ ಮೇಸ್ತ್ರಿ ಬಂದ, ಕಣ್ಣಿನ ಕೆಳಗೆ ಬೆರಳಿಟ್ಟು ಅದೇ ಬೆರಳನ್ನು ಎದೆಗೆ ಮುಟ್ಟಿಸಿದರೆ, ನೀನು ಹೋಗಿ ನೀರು ಕುಡಿದು ಬಾ, ನಿನ್ನ ಮಗ್ಗ ನಾನು ನೋಡಿಕೊಳ್ಳುತ್ತೇನೆ. ಅತ್ತೆಯೂ ಕಲಿತರು, ಮೊದಲೇ ಕಲಿಸಿದ್ರೆ ನಿನ್ನ ಬೈಗುಳ ಕೇಳೋದಾದ್ರೂ ತಪ್ತಿತ್ತಲ್ಲೇ ತಾಯಿ ಎಂದರು, ಸಂಜೆಯವರೆಗೂ ಮಗನನ್ನು ಕಂಡಾಗಲೆಲ್ಲ ಮೀಸೆ ತಿರುವಿದ್ದೇ ತಿರುವಿದ್ದು, ಇವರು ಮಾತ್ರ ಹಳೇ ಪೇಪರಿನ ಹಿಂದೆ ಮುಖ ಹುದುಗಿಸಿಕೊಂಡು, ನಿಮಗೆಲ್ಲಾ ಹುಚ್ಚಾ ಎಂದರು.

ಈಗ ಹಾಲು ತರಲು ಹೋಗಿದ್ದ ಇವರು ಬಂದು ಬಾಗಿಲಲ್ಲೇ ನಿಂತಿದ್ದಾರೆ, ಮಾಸ್ಕು ತೆಗೆದಿಲ್ಲ, ಬಟ್ಟೆ ಉಬ್ಬುತ್ತಿದೆ ತಗ್ಗುತ್ತಿದೆ, ಏನೋ ಹೇಳುತ್ತಿದ್ದಾರೆ, ಹೂಂ ಎಂದೆ, ಬಟ್ಟೆ ಮತ್ತೆ ಅಲ್ಲಾಡಿತು, ಹೂಂ ಒಳ್ಳೇದಾಯ್ತು ಬಿಡಿ ಎಂದೆ, ಅತ್ತೆ ಬಾಯಿಗೆ ಕೈ ಅಡ್ಡ ಹಿಡಿದು ಕುಲುಕಿ ಕುಲುಕಿ ನಗುತ್ತಿದ್ದಾರೆ, ನಗಲು ಹೋದ ಮಗಳು ಅರ್ಧಕ್ಕೇ ನಿಲ್ಲಿಸಿದಳು, ಏನೇ ಎಂದೆ, ಅವಳು ತುಟಿ ಬಿಡಿಸಿ ನಿಧಾನಕ್ಕೆ, ಅಮ್ಮಾ, ನಿನ್ನ ಟೀವೀನ ಪಕ್ಕದ ಮನೆಗೆ ಕೊಟ್ಬಿಟ್ಟೆ ಅಂದ್ರು ಅಪ್ಪ — ನಿಧಾನಕ್ಕೆ, ಅಂದರೆ ಇವಳಿಗೂ ಗೊತ್ತು, ಯಾವತ್ತಿನಿಂದ ಗೊತ್ತು, ರಕ್ತ ತಲೆಗೇರಿತು, ಪರೀಕ್ಷೆ ಮಾಡ್ತೀರಾ ನನ್ನ, ಹೌದ್ರೀ ಕಿವುಡಿ, ಏನೀಗ, ಹೋಗಿ ಮೇಸ್ತ್ರಿಗೆ ಹೇಳಿ, ಮನೇಲಿ ಮೂಲೆಗೆ ಕೂಡಿಸಿ — ಬಾಯಿಗೆ ಬಂದದ್ದೆಲ್ಲ ಸುರಿದೆ, ಸೌಟು ಇನ್ನೂ ಕೈಯಲ್ಲೇ ಇದೆ, ಇವರು ಹಾಲಿನ ಪಾತ್ರೆ ಕೆಳಗಿಟ್ಟು ಕೈ ಎತ್ತಿದರು, ಸ್ಟಿಯರಿಂಗ್ ಹಿಡಿದು ಹಿಡಿದು ದಪ್ಪವಾದ ಬೆರಳು, ಗೊತ್ತಿಲ್ಲದ ಓಣಿಯಲ್ಲಿ ಬಸ್ಸು ತಿರುಗಿಸುವ ಹಾಗೆ ತಡವರಿಸುತ್ತಾ ಮೊದಲು ಎದೆಗೆ, ಅಲ್ಲ, ತಪ್ಪಾಯಿತು, ಹಿಂದಕ್ಕೆ, ಕಣ್ಣಿನ ಕೆಳಗೆ — ಪೇಪರಿನ ಸಂದಿಯಿಂದ ಎಲ್ಲ ನೋಡಿದ್ದಾರೆ ಹಾಗಾದರೆ, ಮಳ್ಳ, ಸಿಟ್ಟಿನ ನಡುವೆ ನಗು ಬಂತು ಹಾಳಾದ್ದು — ಕಣ್ಣಿನ ಕೆಳಗೆ ಆ ಬೆರಳು, ಅಲ್ಲಿಂದ ಎದೆಗೆ, ಎದೆಯ ಮೇಲೇ ನಿಂತಿದೆ, ಇಳಿಸುತ್ತಿಲ್ಲ, ಆ ದಪ್ಪ ಬೆರಳು, ಎದೆಯ ಮೇಲೆ